ಬಿಳಿಯೋ ಕಪ್ಪೋ

ಓಸ್ಟಿಯಾದ ನಮ್ಮ ಬೀದಿಯ ತಿರುವಿನಲ್ಲಿ
ಬಾಯಿ ಒಡೆದ ಒಂದು ಜಾಡಿ ನಿಂತಿದೆ.
ಹಡಗಿನ ಹಮಾಲಿ, ಗೋಧಿ ಅಳೆಯುವವ, ಬೆಸ್ತ,
ಕುಡಿದು ತೂಗಾಡುವ ಸಿಪಾಯಿ,
ಯಾರು ಬಂದರೂ ಬೇಡವೆನ್ನುವುದಿಲ್ಲ ಅದು.
ಮೂರು ದಿನ ಬಿಸಿಲಲ್ಲಿ ಹುಳಿತ ಮೇಲೆ
ಹೊತ್ತು ತರುತ್ತೇವೆ ಒಳಗೆ.
ಮೂಗು ಮುಚ್ಚಬೇಡಿ.
ಈ ಊರಿನ ಹಿರಿಯರ ಬಿಳುಪೆಲ್ಲ
ಇಲ್ಲಿಂದಲೇ ಹೊರಟದ್ದು.

ನಾನು ತುಳಿಯುವವನು.
ಎರಡೂ ಕಡೆಯ ಗೋಡೆಗೆ ಕೈ ಊರಿ
ಮೊಣಕಾಲುದ್ದದ ತೊಟ್ಟಿಯಲ್ಲಿ
ಹದಿನೇಳು ವರ್ಷ ಎಲ್ಲಿಗೂ ಹೋಗದೆ ನಡೆದಿದ್ದೇನೆ.
ಹೈಲಾಸ್ ಒಮ್ಮೆ ಲೆಕ್ಕ ಹಾಕಿದ:
ಇಷ್ಟು ಹೊತ್ತಿಗೆ ನೀನು ಸಿರಿಯಾ ಮುಟ್ಟಿ
ನಿನ್ನಮ್ಮನ ಕದ ತಟ್ಟಿ
ವಾಪಸು ಬಂದಿರುತ್ತಿದ್ದೆ.
ವಾಪಸು ಯಾಕೆ ಬರಬೇಕಿತ್ತು, ನಾನು ಕೇಳಲಿಲ್ಲ.
ಬೆರಳ ಸಂದಿಯ ಚರ್ಮ
ಬೆಂದ ಈರುಳ್ಳಿಯ ಹಾಗೆ ಸುಲಿಯುತ್ತದೆ.

ಬಟ್ಟೆ ಮಾತಾಡುತ್ತದೆ, ಕಾಲಿಗೆ ಕೇಳಿಸುತ್ತದೆ.
ಇದು ಔತಣದ ಮೀನಿನ ರಸ.
ಇದು ಭುಜದ ಮೇಲೆ ಯಾರದೋ ಕಣ್ಣಕಪ್ಪು, ಹೆಂಡತಿಯದಲ್ಲ.
ಇದು ಭಾಷಣದ ಬೆವರು;
ಸುಳ್ಳಿನ ಬೆವರಿಗೆ ವಾಸನೆಯೇ ಬೇರೆ
ಎನ್ನುತ್ತಾಳೆ ಯಜಮಾನಿ ಟ್ರೆಬೊನಿಯ.
ಇರಬಹುದು. ನನ್ನ ಮೂಗು ಸತ್ತು ಕಾಲವಾಯಿತು.

ಮೊನ್ನೆ ಬೆಳಿಗ್ಗೆ ಓಡಿ ಬಂದ ಪಿಸ್ತ,
ಲುಕ್ಕೆಯುಸ್ ದಣಿಗಳ ಮನೆಯ ಹುಡುಗ,
ಒಂಬತ್ತೋ ಹತ್ತೋ ವರ್ಷ:
"ಕಪ್ಪು ಟೋಗಾ ತೆಗೆದಿಡಬೇಕಂತೆ, ಸಂಜೆಯೊಳಗೆ.
ರೋಮಿನಲ್ಲಿ ದೊರೆ ಹೋದರಂತೆ."
ಹೋದರು ಎಂದನೇ ಹೊರತು
ಹೇಗೆ ಎನ್ನಲಿಲ್ಲ.
ಕಪ್ಪನ್ನು ಕೊಡವಿದೆವು.
ಹಿಂದಿನ ಸಾವಿನ ಮಡಿಕೆಯಿಂದ ನುಸಿ ಹಾರಿತು.

ಮಧ್ಯಾಹ್ನ ಮತ್ತೆ ಪಿಸ್ತ. ಮಂಡಿಯಲ್ಲಿ ರಕ್ತ,
ಎಲ್ಲೋ ಎಡವಿ ಬಿದ್ದಿದ್ದಾನೆ:
"ಕಪ್ಪು ಬೇಡವಂತೆ! ಬಿಳಿ, ಬಿಳಿ!
ಸತ್ತವನು ನಾಡಿನ ಹಗೆಯಂತೆ,
ಬಿಳಿಮಣ್ಣು ಗಟ್ಟಿಯಾಗಿ ಉಜ್ಜಬೇಕಂತೆ!"
ಬೆಳಿಗ್ಗೆ ಹೋದರು, ಮಧ್ಯಾಹ್ನಕ್ಕೆ ಸತ್ತವನು.
ಒಂದು ಬಹುವಚನ ಕಳಚಿ ಬಿದ್ದ ಸದ್ದು
ತೊಟ್ಟಿಯೊಳಗೂ ಕೇಳಿಸಿತು ನಮಗೆ.

ಚೌಕದಲ್ಲಿ ಕಂಚಿನ ಕುತ್ತಿಗೆಗೆ ಹಗ್ಗ ಬಿಗಿದು
ಎಳೆಯಲು ಹಿಟ್ಟಿನ ಗಿರಣಿಯ ಕತ್ತೆಯನ್ನು
ಬಾಡಿಗೆಗೆ ತಂದಿದ್ದರು.
ಹುಟ್ಟಿದಂದಿನಿಂದ ಬೀಸುಗಲ್ಲು ಸುತ್ತಿದ ಜೀವ,
ನೆಟ್ಟಗೆ ಎಳೆಯುವುದು ಅದಕ್ಕೇನು ಗೊತ್ತು?
ದೊರೆಯನ್ನೇ ಸುತ್ತತೊಡಗಿತು,
ಪ್ರದಕ್ಷಿಣೆ ಬಂದ ಹಾಗೆ.
ಬೈದರು, ಬಡಿದರು. ಅದು ಸುತ್ತಿತು.

ನಾವು ಬಿಳಿಯನ್ನು ಗಂಧಕದ ಹೊಗೆಗೆ ಒಡ್ಡಿದೆವು.
ಬೆತ್ತದ ಪಂಜರದ ಮೇಲೆ ಕವುಚಿದ ಟೋಗಾ:
ಒಳಗೆ ಯಾರೂ ಇಲ್ಲದ
ದೊಡ್ಡ ಮನುಷ್ಯ.

ದೀಪ ಹಚ್ಚುವ ಹೊತ್ತಿಗೆ ಮೂರನೆಯ ಸಲ.
ಹುಡುಗನಲ್ಲಿ ಉಸಿರಿಲ್ಲ.
"ಹೊಸ ದೊರೆ ಹಳಬರನ್ನು ಅಪ್ಪಾ ಅಂದರಂತೆ.
ಅತ್ತರಂತೆ. ಎಲ್ಲರೂ ನೋಡಿದರಂತೆ.
ಅದಕ್ಕೇ ಕಪ್ಪು. ಆದರೂ ಬಿಳಿ ಸಿದ್ಧವಿರಲಿ ಅಂತೆ.
ದಣಿಗಳು ಕೋಣೆಯಲ್ಲಿ
ಬರಿಮೈಯಲ್ಲಿ ಕೂತಿದ್ದಾರೆ."

ಹೈಲಾಸ್ ನಗು ತಡೆಯಲಾಗದೆ
ತೊಟ್ಟಿಯ ಅಂಚು ಹಿಡಿದ.
ಟ್ರೆಬೊನಿಯ ನಗಲಿಲ್ಲ. ಎರಡಕ್ಕೂ ಕೂಲಿ
ಗೋಡೆಯ ಮೇಲೆ ಇದ್ದಿಲಲ್ಲಿ ಗೀಚಿದಳು.
ಆಮೇಲೆ ಕುಕ್ಕರಗಾಲಲ್ಲಿ ಕೂತು
ಹುಡುಗನ ಮಂಡಿ ತೊಳೆದಳು, ತಣ್ಣೀರಿನಲ್ಲಿ.
ರಕ್ತಕ್ಕೆ ಬಿಸಿನೀರು ಆಗದು,
ಕಲೆ ನಿಂತುಬಿಡುತ್ತದೆ.

"ನಾಳೆ ಯಾವುದಂತೆ?" ಕೇಳಿದೆ.
"ಯಾರಿಗೆ ಗೊತ್ತು," ಅಂದ. "ನಾನು ಮೊದಲು ಉಚ್ಚೆ ಹೊಯ್ಯಬೇಕು.
ಬೆಳಿಗ್ಗೆಯಿಂದ ಯಾರೂ ಬಿಟ್ಟಿಲ್ಲ."

ತಿರುವಿನ ಜಾಡಿಯೆದುರು
ತುದಿಗಾಲಲ್ಲಿ ನಿಂತ.
ಬಹಳ ಹೊತ್ತು ಸದ್ದು ಕೇಳಿಸಿತು,
ಆಚೆ ಚೌಕದಲ್ಲಿ ಇನ್ನೂ ಸುತ್ತುವ ಕತ್ತೆಯ ಗೊರಸು.

ಮೂರು ದಿನಕ್ಕೆ ಹದ ಬರುತ್ತದೆ.