ತೇಮಾನ

ಉಸ್ಮಾನಬ್ಬ ಬರುತ್ತಿದ್ದದ್ದು ಸಂತೆ ಮುಗಿದ ಮೇಲೆ,
ಹೊಸನಗರದ ಅಂಗಡಿಗಳು ಹಲಗೆ ಹಾಕಿಕೊಳ್ಳುವ ಹೊತ್ತು.
ಎಲೆಯಡಿಕೆ ಸಂಚಿ ಬಿಚ್ಚಿ ಅಪ್ಪನ ಮುಂದೆ ಸುರಿಯುತ್ತಿದ್ದ:
ಸುಣ್ಣದ ಡಬ್ಬಿ, ಎರಡು ಬೀಡಿ,
ಕಡವೆಯ ಪಕ್ಕೆಯಿಂದ, ತಾನು ತಿನ್ನದ ಹಂದಿಯ ಭುಜದಿಂದ
ಕೆದಕಿ ತೆಗೆದ ಗುಂಡುಗಳು.
"ತೂಗಿ ಮೋನಪ್ಪಾಚಾರ್ರೇ."

ಅಕ್ಕನ ಚಿನ್ನದಲ್ಲೂ ಗುಂಜಿ ಕದಿಯುವವನು ಅಕ್ಕಸಾಲಿ
ಎನ್ನುತ್ತದೆ ಊರು. ಮೂಗುಬೊಟ್ಟು ಮಾಡಿಸಲು ಬಂದವರೂ
ಅಪ್ಪನ ಬೆರಳನ್ನೇ ನೋಡುತ್ತ ಕೂರುತ್ತಿದ್ದರು.
ಈತನೊಬ್ಬ ತಕ್ಕಡಿಗೆ ಬೆನ್ನು ಹಾಕಿ ಬೀಡಿ ಹಚ್ಚುತ್ತಿದ್ದ.

ಚಿಮಣಿ ಹಿಡಿದು ಗುಲಗಂಜಿ ಎಣಿಸುವವಳು ನಾನು.
ತೋಟಾದಿಂದ ಕಿತ್ತ ಹೊಸ ಗುಂಡು:
ಒಂದು ತೊಲ, ಮೇಲೆ ಅರವತ್ತನಾಲ್ಕು.
ಕೆಂಪು ಡಬ್ಬಿಯದು, ಕಡವೆಯೊಳಗೆ ಹೋಗಿಬಂದದ್ದು:
ತೊಲಕ್ಕೆ ಎಂಟು ಕಮ್ಮಿ. ಚೆಂದ ಮಾತ್ರ ಹೇಳತೀರದು,
ತಾಮ್ರದ ಎಸಳು ಬಿಚ್ಚಿ ದಾಸವಾಳದ ಹಾಗೆ.
ಹಳದಿ ಡಬ್ಬಿಯದು ಮೊಂಡು, ಕುಳ್ಳು ಅಣಬೆ.
ತೊಲ, ಐವತ್ತೊಂದು.

"ಅರಳಿದ್ದು ನೋಡಬೇಡ ಮಾರಾಯ, ಉಳಿದದ್ದು ನೋಡು."
"ಅರಳದೇ ಇದ್ದರೆ? ಸೂಜಿಯ ಹಾಗೆ ಹೊಕ್ಕು ಹೊರಬಿದ್ದರೆ
ಈಡು ಬಿದ್ದದ್ದು ಪ್ರಾಣಿಗೇ ಗೊತ್ತಾಗಲಿಕ್ಕಿಲ್ಲ.
ಎರಡು ಗುಡ್ಡ ದಾಟಿ ಎಲ್ಲೋ ಸಾಯುತ್ತದೆ, ನರಿಗೆ."
"ಅಪರಂಜಿಯ ಬಳೆ ಬಾಗುತ್ತದೆ, ತಾಮ್ರ ಹೆಚ್ಚಾದರೆ ಸೀಳುತ್ತದೆ.
ಬೆಸುಗೆ ನೋಡು. ಸೀಸವನ್ನು ತಾಮ್ರ ಹಿಡಿದುಕೊಂಡಿದೆಯಾ?"
ಇಬ್ಬರೂ ಉಗುರು ತೂರಿಸಿ ನೋಡಿದರು.
ಹಳದಿಯದರಲ್ಲಿ ಉಗುರು ಹೋಗಲಿಲ್ಲ.

ಹಳದಿಗೆ ದುಡ್ಡು ಜಾಸ್ತಿ. ಮೇಲಾಗಿ ಆ ಸಲ
ಶಿವಮೊಗ್ಗದ ಅಂಗಡಿಯಲ್ಲಿ ಇದ್ದದ್ದು ಕೆಂಪೇ.

ನಾಗೋಡಿಯ ಮೇಲೆ ಕಾಟಿ. ಪರವಾನಗಿ ಒಂದಕ್ಕೆ.
ಮೂವತ್ತು ಮಾರಿನಿಂದ ಹೆಗಲಿಗೇ ಹೊಡೆದನಂತೆ, ಗುರಿ ತಪ್ಪದೆ.
ಒಮ್ಮೆ ತಲೆ ಕೊಡವಿ ಅದು ಹಳುವಿನೊಳಗೆ ಹೋಯಿತು.

ಒಂದು ಎಲೆಯ ಮೇಲೆ ರಕ್ತ,
ಆಮೇಲೆ ಅರ್ಧ ಮೈಲಿ ಬರೀ ಹಸಿರು.
ಎರಡನೆಯ ದಿನ ಹಸಲರ ಬೂದ್ಯ ಹೇಳಿದ, ಬಿಡಿ ಸಾಬ್ರೆ.
ಬಿಡಲಿಲ್ಲ. ಕಾಲ ತುಂಬ ಉಂಬಳ.
ಮೂರನೆಯ ಸಂಜೆ ಸರಲಿನ ನೀರಿನಲ್ಲಿ ನಿಂತೇ ಇತ್ತಂತೆ,
ಬಂದ ದಾರಿಯನ್ನೇ ನೋಡುತ್ತ.
ಎರಡನೆಯ ಈಡಿನ ಮಾತು ಅವನು ಆಡಲಿಲ್ಲ.

ಆ ವಾರದ ಸಂಚಿಯಲ್ಲಿ ಬರೀ ಚೂರು.
ತೂಗಿ ಎನ್ನಲಿಲ್ಲ. ಅಪ್ಪನೇ ತೂಗಿದ:
ಇಪ್ಪತ್ತಾರು ಗುಲಗಂಜಿ.
"ಮಿಕ್ಕದ್ದು?" ಎಂದೆ, ಲೆಕ್ಕದ ಹುಡುಗಿ.
"ತೇಮಾನ," ಎಂದ ಅಪ್ಪ.
"ಕಾಟಿ ಹೊತ್ತು ತಿರುಗಿತು ಮಗಾ, ಮೂರು ದಿನ."
ಅವತ್ತೇ ಮೊದಲು ಉಸ್ಮಾನಬ್ಬ
ತಕ್ಕಡಿಯ ಮುಳ್ಳು ನೋಡುತ್ತ ಕೂತದ್ದು.
ಬೀಡಿ ಹಚ್ಚಲಿಲ್ಲ.

ಅವನು ಹೋದ ಮೇಲೆ ಅಪ್ಪ ಅರಗು ಕಾಯಿಸಿ
ಒಂದು ಚೂರನ್ನು ತಕ್ಕಡಿಗೆ ಅಂಟಿಸಿದ,
ಚಿನ್ನ ಇಡುವ ತಟ್ಟೆಯ ಅಡಿಗೆ.
ಆ ತಟ್ಟೆ ಒಂದು ಗುಂಜಿ ಹಗುರವಿತ್ತೆಂದು
ನನಗೆ ಗೊತ್ತಾದದ್ದು ಆಗ.