ಕಲೆ ಹೋತೇನ್ರಿ?

ಮೊದಲ ಸಲ ಕೇಳಿದ್ದು ಡಬ್ಬಿ ಮುಚ್ಚಳದ ಸಲುವಾಗಿ.
ಸ್ಟೀಲಿನ ಡಬ್ಬಿ, ಒಳಗ ಶೇಂಗಾ ಹಿಂಡಿ,
ಮಧ್ಯಾಹ್ನ ಒಂದೂವರಿ, ವಾಡಿಯ ಬಿಸಿಲು
ತಗಡಿನ ಮ್ಯಾಲ ಕುಂತು ನನ್ನ ಅಂಗಡಿ ಕಾಸ್ತಿತ್ತು.
ಹಲ್ಲಾತು, ಕತ್ತರಿಯಾತು, ಮಷೀನಿನ ಪಾನಾನೂ ಆತು,
ಕಡೀಕ ಫೋನಿನಾಗ ಬರದೆ, ಯಾರು ಓದ್ತಾರೋ ಗೊತ್ತಿಲ್ಲದ:
ಮುಚ್ಚಳ ಬಿಗಿದದ. ಏನ್ ಮಾಡ್ಲಿ?

ಹಸಿ ಅರಿವಿ ಸುತ್ತಿ ತಿರುವ್ರಿ, ಅಂದರು ಒಬ್ಬರು.
ಅಂಚು ನೆಲಕ್ಕ ಕುಟ್ರಿ, ಒಂದು ಸುತ್ತು, ಜೋರಾಗಿ ಬ್ಯಾಡ.
ಒಬ್ಬಾವ ಕೇಳಿದ, ಒಳಗೇನದ?
ಶೇಂಗಾ ಹಿಂಡಿ, ಅಂದೆ.
ಹಂಗಿದ್ರ ಒಡೀರಿ, ಅಂದ.

ಫರಸಿ ಮ್ಯಾಲ ಕುಟ್ಟಿದೆ. ತೆರೀತು.
ರೊಟ್ಟಿ ಮುರೀತಾ ಒಬ್ಬಾಕಿನೇ ನಕ್ಕೆ.
ಎದುರಿನ ಸೈಕಲ್ ಅಂಗಡಿಯ ಯಮನೂರಪ್ಪ
ಈಕಿಗೇನಾತು ಅನ್ನೂಹಂಗ ನೋಡಿದ.
ಅವನಿಗೇ ಕೇಳಬಹುದಿತ್ತು, ಖರೆ.
ಬಂದು ತೆರದು ಕೊಟ್ಟು, ಸಂಜೀತನಕ ಕುಂತಿರ್ತಿದ್ದ.

ಆಮ್ಯಾಲ ರೂಢಿ ಬಿತ್ತು.
ಹಲ್ಲಿಗೆ ಕಿವಿ ಎಲ್ಲಿರ್ತಾವ?
ಪುಂಡಿಪಲ್ಯ ಫ್ರಿಜ್ಜಿನಾಗ ಎಷ್ಟು ದಿನ ತಡೀತದ?
ಎಡಚಿ ಹುಡುಗಿಗೆ ಕಾಜಾ ಕಲಸೂದು ಹ್ಯಾಂಗ?
ಎದುರಿಗೆ ಕುಂಡ್ರಸ್ರಿ, ಮಗ್ಗಲಕ್ಕ ಬ್ಯಾಡ, ಅಂದಾಕಿ ಯಾರೋ,
ಆಕಿ ಮುಖದ ಜಾಗದಾಗ ಬರೇ ಒಂದು ಬದನೀಕಾಯಿ.
ಆ ಬದನೀಕಾಯಿಗೆ ಶರಣು.
ನಮ್ಮ ಮಲ್ಲಮ್ಮನ ಕಾಜಾ ಈಗ ನನಗಿಂತ ನೆಟ್ಟಗ.

ಎಲ್ಲಾ ಉತ್ತರ ಖರೆ ಇರ್ತಾವಂತಲ್ಲ.
ಇರುವಿಗೆ ಅರಿಶಿಣ ಹಾಕ್ರಿ ಅಂದ್ರು, ಹಾಕಿದೆ.
ಹಳದಿ ಕಾಲಿನ ಇರುವಿ ಸಾಲಾಗಿ
ಸಕ್ಕರಿ ಕಡಿಗೇ ಹೊಂಟವು.

ನಮ್ಮಪ್ಪ ಜಂಕ್ಷನ್ನಿನಾಗ ಚಹಾ ಮಾರ್ತಿದ್ದ.
ಕಿಟ್ಲಿ ಹಿಂದ ಕುಂತು ಕೇಳಿ ಬೆಳದಾಕಿ ನಾನು:
ಸೊಲ್ಲಾಪುರ ಗಾಡಿ ಹೋತೇನ್ರಿ?
ಗುಂತಕಲ್ಲಿಂದು ಯಾವ ಕಡಿ ನಿಲ್ತದ?
ಕನ್ನಡದಾಗ ಕೇಳಿದ್ದಕ್ಕ ತೆಲುಗಿನಾಗ ಉತ್ತರ,
ಮರಾಠಿಯೊಳಗ ಕೇಳಿದ್ದಕ್ಕ ಬರೇ ಬೆರಳು.
ಗೊತ್ತಿಲ್ಲದವರೂ ಹೇಳಾವರೇ.
ಗಾಡಿ ಬಂತಂದ್ರ ಯಾರದೋ ಗಂಟು ಯಾರೋ ಎತ್ತಿ ಕೊಟ್ಟು,
ಹೆಸರು ಕೇಳಾಕ ಯಾರಿಗೆ ಪುರಸೊತ್ತು.

ಕಲೆಯ ಕಥಿ ಬ್ಯಾರೆ.
ನಫೀಸಾನ ನಿಕಾಹದ ಹಿಂದಿನ ರಾತ್ರಿ, ಹನ್ನೊಂದು ಹೊಡದಿತ್ತು,
ಮೊಸರು ಬಣ್ಣದ ಸಾಟಿನ್ನು, ಎಡ ಮಗ್ಗಲು,
ಮಷೀನು ಒಂದು ಹನಿ ಎಣ್ಣಿ ಉಗುಳಿತು.
ಬರದೆ. ಬಂದವು, ಒಂದರ ಮ್ಯಾಲ ಒಂದು:
ಪೌಡರ್ ಹಾಕ್ರಿ. ಸೀಮಿಸುಣ್ಣ ಅರದು ಉದುರಸ್ರಿ.
ಕಡ್ಲಿ ಹಿಟ್ಟು ಒತ್ರಿ. ನೀರು ಮಾತ್ರ ಮುಟ್ಟಸಬ್ಯಾಡ್ರಿ.
ಒಬ್ಬರು: ಮೊದಲು ಅಳೂದು ನಿಲ್ಲಸ್ರಿ.

ಅಳಾಕತ್ತೀನಿ ಅಂತ ನಾ ಎಲ್ಲೂ ಬರದಿರಲಿಲ್ಲ.

ಮುಂಜಾನಿ ಮದುವಿಗೆ ಹೋದೆ.
ಅದರ ಹಿಂದೇ ಶಾಲಿ ಯೂನಿಫಾರ್ಮು, ನಲವತ್ತು ಚಡ್ಡಿ.
ಕಲೆ ಹೋತೋ ಉಳೀತೋ, ತಿರುಗಿ ಹೇಳಲೇ ಇಲ್ಲ.

ಮೂರು ವರ್ಷಾದವು. ನಿನ್ನೆ ರಾತ್ರಿ ಯಾರೋ:
ಅಕ್ಕೋರ, ಆ ಕಲೆ ಕಡೀಕ ಹೋತೇನ್ರಿ?
ನನ್ನದೂ ಬಿದ್ದದ.

ಕೈ ತೊಳಕೊಂಡು ಬಂದು ಕುಂತೆ,
ಫೋನಿಗೂ ಎಣ್ಣಿ ಹತ್ತೂಹಂಗ ಇತ್ತೇನೋ.
ಖರೆ ಹೇಳ್ತೀನಿ ತಂಗಿ, ಇಲ್ಲಾ ತಮ್ಮ,
ಪೂರಾ ಹೋಗಲಿಲ್ಲ.
ರೂಪಾಯಿಯಷ್ಟಿದ್ದದ್ದು ತೊಗರಿ ಕಾಳಷ್ಟಾತು.
ನಸುಕಿನ ನಾಕಕ್ಕ ಅದರ ಮ್ಯಾಲೊಂದು ಜರಿ ಹೂವು ಕೂಡಿಸಿದೆ.
ಕಲೆ ಯಾರಿಗೂ ಕಾಣಲಿಲ್ಲ.
ಬಲಗಡಿ ಯಾಕ ಹೂವಿಲ್ಲ ಅಂತ
ಹುಡುಗನ ಫೂಫಿ ಒಬ್ಬಾಕಿ ಕೇಳಿದಳು,
ಅದಕ್ಕ ನನ್ನ ಹಂತ್ಯಾಕ ಇವತ್ತಿಗೂ ಉತ್ತರಿಲ್ಲ.

ಕಳಿಸಿದೆ. ಸಿಮೆಂಟಿನ ಗಾಡಿ ಹಾದು ಹೋತು,
ಗುಂಡಿ ಡಬ್ಬಿ ಗಿಲಿಗಿಲಿ ಅಂದು ಸುಮ್ಮನಾತು.
ನೆನಪಾಗಿ ಮತ್ತ ಬರದೆ:
ನಿಮ್ಮ ಬಟ್ಟಿ ಯಾವ ಬಣ್ಣದ್ದು?
ಮದುವಿ ನಾಳೆನ?