ಶಿಕ್ಕಾ

ಇಂಡಿ ಕಚೇರಿಯಿಂದ ಹಳೆಯ ಹಿತ್ತಾಳೆ ಮೊಹರು ಬಂದರೆ
ಅಜ್ಜ ಮೊದಲು ಮೂಸುತ್ತಿದ್ದನಂತೆ.
"ರಾಜ ಹ್ವಾದ, ಅರಗಿನ ವಾಸನಿ ಹೋಗಿಲ್ಲ ನೋಡು."
ಆಮೇಲೆ ಉಳಿ ಇಟ್ಟು, ಕಿರೀಟದ ನಡುವೆ
ಒಂದು ಅಡ್ಡಗೀರು. ಅಷ್ಟೇ.
ಒಂದು ಸಾಮ್ರಾಜ್ಯಕ್ಕೆ ಎರಡಾಣೆ ಕೂಲಿ.

ಜುಮ್ಮಾ ಮಸೀದಿ ಹಿಂದಿನ ಓಣಿ, ಗಿಡ್ಡ ಬಾಗಿಲು.
ಮಕಬೂಲಸಾಬ ಅಂದರೆ ವಿಜಾಪುರದಲ್ಲಿ
ಎಲ್ಲವನ್ನೂ ಉಲ್ಟಾ ಬರೆಯುವವನು ಅಂತ ಹೆಸರು.
ಸಂತೆಚೀಟಿ ಕೂಡ ಬಲದಿಂದ ಶುರು;
ಅಜ್ಜಿ ಅದನ್ನು ಕನ್ನಡಿಗೆ ಹಿಡಿದು ಬೇಳೆ ತರುತ್ತಿದ್ದಳು.

ಸಿಂಹಗಳ ಹುಕುಂ ಬಂದ ವರ್ಷ
ಸಿಂಹ ಕಂಡವರು ಯಾರು ನಮ್ಮ ಓಣಿಯಲ್ಲಿ?
ಕಳಿಸಿದ್ದ ಚಿತ್ರ ಹೆಬ್ಬೆರಳಿನಷ್ಟು, ಮಸಿ ಹರಡಿತ್ತು.
ಅಜ್ಜ ಬುರುಜು ಹತ್ತಿ ಮುಲುಕ್ ಮೈದಾನ್ ತೋಪಿನ
ಬಾಯಿಗೆ ಕೈ ಹಾಕಿ ಹಲ್ಲು ತಡವಿ ಬಂದ,
ಆನೆ ನುಂಗುವ ಹಲ್ಲು.
ಹದಿನಾಲ್ಕು ದಿನ ಕೆತ್ತಿದ.
ಹೆಡ್ ಕ್ಲಾರ್ಕ್ ಗಲಗಲಿಯವರು ಅರಗಿಗೆ ಒತ್ತಿ, ಕನ್ನಡಕ ಸರಿಸಿ:
"ಇವು ಸಿಟ್ಟಿಗೆ ಬಂದಾವಲ್ಲೋ. ಇದು ನಮ್ಮದ ಸರ್ಕಾರ."

ಎರಡನೇ ಸಲ ಬೆಕ್ಕನ್ನು ಎದುರಿಗೆ ಕೂರಿಸಿಕೊಂಡ.
ಎತ್ತು ಈ ಕಡೆ ಬಂದರೆ ಕುದುರೆ ಆ ಕಡೆ,
ಚಕ್ರ ಮಾತ್ರ ಯಾವ ಕಡೆಯಿಂದಲೂ ಚಕ್ರ.
"ಹಿಂದ ಇನ್ನೊಂದು ಸಿಂಹ ಐತಂತ," ಎಂದ ಅಜ್ಜಿಗೆ,
"ಯಾರಿಗೂ ಕಾಣಂಗಿಲ್ಲ. ಅದಕ್ಕೂ ಕೂಲಿ ಕೇಳ್ಲೇನು?"

ಐವತ್ತಾರರಲ್ಲಿ ಮುಂಬೈ ಹೋಯಿತು, ಮೈಸೂರು ಬಂತು.
ರಾತ್ರಿ ಬೆಳಗಾಗುವುದರಲ್ಲಿ ನಾವು ಬೇರೆ ರಾಜ್ಯದವರು.
ಓಣಿ ಅಲ್ಲೇ ಇತ್ತು, ಚರಂಡಿಯೂ.
ಎರಡು ತಲೆಯ ಹಕ್ಕಿ ಕಂಡು ಅಜ್ಜ ನಕ್ಕ:
ಬದುಕಿನಲ್ಲಿ ಮೊದಲ ಸಲ
ಉಲ್ಟಾ ಮಾಡಿದರೂ ಸುಲ್ಟಾ ಇರುವ ಗುರುತು.
ಅಕ್ಷರ ಬಂದಾಗ ಮತ್ತೆ ಮುಖ ಗಂಟು.

ಎಲ್ಲದರ ಒಂದೊಂದು ಅರಗಿನ ಅಚ್ಚು
ಬಿಸ್ಕೀಟಿನ ಡಬ್ಬಿಯಲ್ಲಿತ್ತು. ಒಂದು ಬೇಸಿಗೆ
ತಗಡಿನ ಮಾಡಿನ ಕೆಳಗೆ ಕರಗಿ
ಮುತ್ತಜ್ಜನ ಫಾರಸಿ, ಕಿರೀಟ, ಸಿಂಹ, ಹಕ್ಕಿ
ಎಲ್ಲ ಒಂದೇ ಮುದ್ದೆ.
ಅಜ್ಜ ಅದರಿಂದ ಅಜ್ಜಿಯ ಕೊಡದ ತೂತು ಮುಚ್ಚಿದ.

ನಗರಸಭೆಯಿಂದ ಅವನ ಮರಣದಾಖಲೆ ತಂದ ದಿನ ನೋಡಿದೆ:
ರಬ್ಬರಿನ ಮುದ್ರೆ, ನೇರಳೆ ಮಸಿ, ಅವಸರದ ಕೈ.
ಹಕ್ಕಿಯ ಒಂದು ತಲೆ ಮೂಡೇ ಇಲ್ಲ.
ಹೆಸರೂ ತಪ್ಪು, ಮಹಬೂಬಸಾಬ.
ಕಾಗದ ತಿರುಗಿಸಿ ಬಾಗಿಲ ಬೆಳಕಿಗೆ ಹಿಡಿದೆ,
ಹಿಂದಿನಿಂದ, ಎಲ್ಲ ಉಲ್ಟಾ,
ಅವನಿಗೆ ಓದಲು ಬರುವಂತೆ.